ಸೂಜಿಯೋ ಪಂಪೋ: ಆರೋಗ್ಯ ಸಚಿವರಿಗೆ ಒಬ್ಬ ತಾಯಿಯ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನನ್ನ ಮಗಳಿಗೆ 11 ವರ್ಷ. ಟೈಪ್ 1 ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷ ಆಯ್ತು. ಅವಳಿಗೆ ಇನ್ಸುಲಿನ್ ಹೊರಗಿನಿಂದಲೇ ಕೊಡಬೇಕು. ಮಾತ್ರೆ, ಪಥ್ಯದಿಂದ ಆಗುವ ಕೆಲಸ ಅಲ್ಲ. (ಹಾಗಲಕಾಯಿ ರಸ ಕುಡಿಸಿ ಎಂದವರನ್ನು ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ.) ದಿನಕ್ಕೆ ನಾಲ್ಕು ಸೂಜಿ. ಊಟ ತಿಂಡಿಗೆ ಮೂರು, ಮಲಗುವಾಗ ಇಡೀ ದಿನ ಕೆಲಸ ಮಾಡುವ ಗ್ಲಾರ್ಜಿನ್ ಒಂದು.

ಹೋದ ತಿಂಗಳು ಡಾಕ್ಟರ್ "ಪಂಪ್ ಬಗ್ಗೆ ಯೋಚನೆ ಮಾಡಿ" ಎಂದರು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸಣ್ಣ ಯಂತ್ರ. ತೆಳು ನಳಿಕೆಯಿಂದ ಚರ್ಮದಡಿ ಇನ್ಸುಲಿನ್ ಸ್ವಲ್ಪ ಸ್ವಲ್ಪವೇ ಹೋಗುತ್ತಿರುತ್ತದೆ. ಊಟಕ್ಕೆ ಗುಂಡಿ ಒತ್ತಬೇಕು. ಎರಡು ಮೂರು ದಿನಕ್ಕೊಮ್ಮೆ ಆ ನಳಿಕೆಯ ಸೆಟ್ ಬದಲಿಸಬೇಕು. ಈಗ ಚುಚ್ಚುವ ನಮ್ಮ ಇನ್ಸುಲಿನ್ ಪೆನ್ನಿನಲ್ಲಿ ಕಡಿಮೆ ಎಂದರೆ ಅರ್ಧ ಯೂನಿಟ್. ಪಂಪ್‌ನಲ್ಲಿ 0.05 ಯೂನಿಟ್ ಲೆಕ್ಕದಲ್ಲೂ ಕೊಡಬಹುದು. ಬೆಳಗಿನ ಜಾವ ಶುಗರ್ ಏರುತ್ತದೆ ಎಂದರೆ ಆ ಹೊತ್ತಿಗಷ್ಟೇ ಜಾಸ್ತಿ ಇಡಬಹುದು.

ಮಗಳನ್ನೇ ಕೇಳಿದೆ. "ಖೋ ಖೋ ಆಡುವಾಗ ಎಲ್ಲಿಡಲಿ?" ಎಂದಳು. ಸ್ವಲ್ಪ ಹೊತ್ತು ಬಿಚ್ಚಿಡಬಹುದಂತೆ ಎಂದೆ. "ಹಾಗಾದ್ರೆ ಬರ್ತ್‌ಡೇಗೆ ಹೋದಾಗ ಬಾತ್‌ರೂಮಿಗೆ ಹೋಗಿ ಚುಚ್ಕೊಳ್ಳೋದು ಬೇಡ ಅಲ್ವಾ ಅಮ್ಮ?" ಅಂದಳು. ಅವಳು ಹಾಗೆ ಮಾಡುತ್ತಿದ್ದಳು ಎಂದು ನನಗೆ ಗೊತ್ತಾಗಿದ್ದೇ ಆಗ.

ನನ್ನ ಭಯ ಬೇರೆ. ಪಂಪ್‌ನಲ್ಲಿ ಇರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ನಳಿಕೆ ಮಡಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಸಿಗದಾಗ ರಕ್ತದಲ್ಲಿ ಸೇರುವ ಆಮ್ಲ) ಏರುತ್ತದೆ. ಅದನ್ನು ಹಿಡಿಯಲು ಪದೇ ಪದೇ ಬೆರಳು ಚುಚ್ಚಿ ನೋಡಬೇಕು, ಇಲ್ಲವೇ ಮೈಗೆ ಅಂಟಿಸಿಕೊಂಡು ಶುಗರ್ ನೋಡುತ್ತಲೇ ಇರುವ ಸೆನ್ಸಾರ್ ಬೇಕು. ಗುಂಡಿ ಒತ್ತುವ ಮೊದಲು ತಟ್ಟೆಯಲ್ಲಿ ಎಷ್ಟು ಪಿಷ್ಟ ಇದೆ ಎಂಬ ಲೆಕ್ಕವೂ ಬೇಕು. ನಮಗೆ ಸಿಕ್ಕ ಚಾರ್ಟಿನಲ್ಲಿ ಬ್ರೆಡ್ಡು, ಚಪಾತಿ ಇದ್ದವು, ಮುದ್ದೆ ಇರಲಿಲ್ಲ. ನಮ್ಮತ್ತೆ ಕಟ್ಟುವ ಮುದ್ದೆ ಒಂದು ದಿನ ಕ್ರಿಕೆಟ್ ಚೆಂಡು, ಇನ್ನೊಂದು ದಿನ ತೆಂಗಿನಕಾಯಿ. ಕೊನೆಗೆ ತಕ್ಕಡಿ ತಂದು ರಾಗಿ ಹಿಟ್ಟು ತೂಗಿ ತೂಗಿ ಕಲಿತೆವು.

ಪಂಪ್‌ಗೆ ಲಕ್ಷಗಟ್ಟಲೆ ದುಡ್ಡು. ಆಮೇಲೆ ತಿಂಗಳು ತಿಂಗಳು ಸೆಟ್ಟಿಗೆ, ಸೆನ್ಸಾರಿಗೆ ಸಾವಿರಗಟ್ಟಲೆ.

ಆದರೆ ಸಾರ್, ನಾನು ಮೊದಲು ಕೇಳುತ್ತಿರುವುದು ಪಂಪ್ ಅಲ್ಲ. ನಮಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿದಾಗಲೆಲ್ಲ ಸಿಕ್ಕಿದ್ದು ಬೇಗ ಕೆಲಸ ಮಾಡುವ, ನಿಧಾನ ಕೆಲಸ ಮಾಡುವ ಇನ್ಸುಲಿನ್ ಎರಡನ್ನೂ ಮೊದಲೇ ಬೆರೆಸಿದ 30/70 ಮಿಶ್ರಣದ ಸೀಸೆ. ಅದನ್ನು ಹಾಕಿಕೊಂಡರೆ ಹಸಿವಿರಲಿ ಬಿಡಲಿ, ಗಡಿಯಾರ ನೋಡಿ ಉಣ್ಣಬೇಕು. ಶಾಲೆಯ ಊಟ ತಡವಾದರೆ ಶುಗರ್ ಇಳಿದು ಮಗು ಬೆವರಿ ನಡುಗುತ್ತದೆ. ಗ್ಲಾರ್ಜಿನ್‌ನಂಥ ಇನ್ಸುಲಿನ್ನನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಇನ್ಸುಲಿನ್ ಮಾಡುವ ಬಯೋಕಾನ್ ಇರುವುದು ಬೆಂಗಳೂರಿನಲ್ಲೇ. ನಾವು ಮಾತ್ರ ಗ್ಲಾರ್ಜಿನ್‌ಗೆ ಪ್ರತಿ ತಿಂಗಳು ಮೆಡಿಕಲ್ ಸ್ಟೋರ್ ಮುಂದೆ ನಿಲ್ಲುತ್ತೇವೆ. ಒಳ್ಳೆಯ ಸೂಜಿಮದ್ದೇ ಸಿಗದ ಕಡೆ ಸೂಜಿಯೋ ಪಂಪೋ ಎಂದು ಹೇಗೆ ಆರಿಸಿಕೊಳ್ಳುವುದು?

ಆರೋಗ್ಯ ಕರ್ನಾಟಕ ಕಾರ್ಡ್ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಐಸಿಯುಗೆ ಹೋಗದಂತೆ ತಡೆಯುವ, ಶುಗರ್ ನೋಡುವ ಸ್ಟ್ರಿಪ್ಪಿಗೆ ದುಡ್ಡು ನಮ್ಮ ಕೈಯಿಂದ. ಪಕ್ಕದ ಕೇರಳದಲ್ಲಿ ಇಂಥ ಮಕ್ಕಳಿಗೆಂದೇ 'ಮಿಠಾಯಿ' ಎಂಬ ಯೋಜನೆ ಇದೆ. ಹೆಸರು ಕೇಳಿ ಮೊದಲು ನಗು ಬಂತು, ಆಮೇಲೆ ಹೊಟ್ಟೆಕಿಚ್ಚು.

ತಾಲ್ಲೂಕು ಆಸ್ಪತ್ರೆಗೆ ಗ್ಲಾರ್ಜಿನ್, ಬೇಕಾದಷ್ಟು ಸ್ಟ್ರಿಪ್, ಮುದ್ದೆಯ ಲೆಕ್ಕ ಹೇಳಿಕೊಡಬಲ್ಲ ಒಬ್ಬ ನರ್ಸ್ ಕೊಡಿಸಿ. ಆಮೇಲೆ, ಬೇಕು ಎಂದವರಿಗೆ ಪಂಪ್ ಕೊಡಿ. ಕೊಡುವುದಾದರೆ ವರ್ಷವಿಡೀ ಸೆಟ್‌ಗಳನ್ನೂ ಕೊಡಬೇಕು. ಯಂತ್ರ ಹಂಚಿ ಫೋಟೋ ತೆಗೆಸಿಕೊಂಡು ಸೆಟ್ ಮರೆತರೆ ಪಂಪ್ ಸುಮ್ನೆ ಬೀರುವಿನಲ್ಲಿ ಕೂರುತ್ತದೆ. ಮಗು ಮತ್ತೆ ಸೂಜಿಗೇ ಬರುತ್ತದೆ.

ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಮಗಳು ಪಂಪ್ ಕಡೆ, ನಾನು ನಡುವೆ. ಡಾಕ್ಟರ್ ದೀಪಾವಳಿ ಕಳೆದ ಮೇಲೆ ಬನ್ನಿ ಎಂದಿದ್ದಾರೆ. ಅಷ್ಟರೊಳಗೆ ನಿಮ್ಮ ಉತ್ತರ ಬಂದರೆ ಅದನ್ನೂ ಫೈಲಿನಲ್ಲಿಟ್ಟುಕೊಂಡು ಹೋಗುತ್ತೇನೆ.

ಇಂತಿ,
ಒಬ್ಬ ತಾಯಿ, ತುಮಕೂರು ಜಿಲ್ಲೆ