ವಾದ್ಯ ಕಟ್ಟುವವರೂ ಕಲಾವಿದರೇ

ಮಾನ್ಯ ಸಂಪಾದಕರೇ,

ಉತ್ಸವಗಳು ಶುರುವಾದರೆ ನಮ್ಮ ಹಾಸನ ಜಿಲ್ಲೆಯಲ್ಲಿ ಕಲಾವಿದರಿಗೆ ಶಾಲು, ಹಾರ, ಸನ್ಮಾನ. ಸಂತೋಷವೇ. ಆದರೆ ಅವರ ಕೈಯಲ್ಲಿರುವ ವಾದ್ಯ ಕಟ್ಟಿದವರು ಯಾರು ಅಂತ ಯಾರೂ ಕೇಳುವುದಿಲ್ಲ.

ನಾನು ಅರಕಲಗೂಡು ಕಡೆಯವನು. ಮೃದಂಗ, ಡೊಳ್ಳು, ತಮಟೆ ಮೂರನ್ನೂ ನುಡಿಸುತ್ತೇನೆ, ಮೂರನ್ನೂ ಕಟ್ಟುತ್ತೇನೆ. ಮೃದಂಗದ ಬಲಗಡೆ ಕಪ್ಪಗೆ ಕಾಣುತ್ತದಲ್ಲ, ಅದು ಕರಣೆ. ಕಲ್ಲಿನ ಪುಡಿಯನ್ನು ಅನ್ನದ ಜೊತೆ ನಾದಿ, ಚೂರು ಚೂರೇ ಹಚ್ಚಬೇಕು. ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ಒಣಗಿಸಿ, ಅದರ ಮೇಲೆ ಇನ್ನೊಂದು ಪದರ. ನಡುನಡುವೆ ಬೆರಳಲ್ಲಿ ತಟ್ಟಿ ಕೇಳುತ್ತಿರಬೇಕು. ದಪ್ಪವಾದರೆ ನಾದ ಮಂಕಾಗುತ್ತದೆ. ಶ್ರುತಿ ತಿಳಿಯದವನಿಗೆ ಇದು ಸಾಧ್ಯವೇ ಇಲ್ಲ. ಹಾಗಾದರೆ ಕಟ್ಟುವವನೂ ಸಂಗೀತಗಾರನೇ ಅಲ್ವಾ?

ನನಗೆ ಈ ಕೆಲಸ ಕಲಿಸಿದ ಅಜ್ಜನನ್ನು, ಚರ್ಮ ಮುಟ್ಟುವ ಜಾತಿ ಅಂತ, ಗುಡಿಯೊಳಗೆ ಬಿಡುತ್ತಿರಲಿಲ್ಲ. ಅವರು ಕಟ್ಟಿದ ಮೃದಂಗ ದೇವರ ಎದುರಿಗೇ ನುಡಿಯುತ್ತಿತ್ತು. ಈಗ ಕಾಲ ಬದಲಾಗಿದೆ ಅನ್ನುತ್ತಾರೆ. ಹೋದ ವರ್ಷ ಒಂದು ಸಮಾರಂಭದಲ್ಲಿ ನಾನು ಕಟ್ಟಿದ ಡೊಳ್ಳುಗಳೇ ಮೊಳಗಿದವು. ಊಟದ ಪಾಸ್ ಕೇಳಿದರೆ, 'ರಿಪೇರಿಯವರಿಗೆ ಇಲ್ಲ' ಅಂದರು. ಊಟ ಹೋಗಲಿ, ಆ ಮಾತು ಚುಚ್ಚಿತು.

ಮಲೆನಾಡಿನ ಮಳೆಗೆ ತಮಟೆಯ ಚರ್ಮ ಸಡಿಲವಾಗುತ್ತದೆ, ಬೆಂಕಿಗೆ ಕಾಯಿಸಬೇಕು. ಆ ರಗಳೆ ಬೇಡ ಅಂತ ಹುಡುಗರು ಫೈಬರ್ ತಮಟೆ ತರುತ್ತಾರೆ. ಅವರನ್ನು ಬೈಯಲಾರೆ, ಅವರಿಗೆ ಕಟ್ಟುವುದನ್ನು ಕಲಿಸಿದವರಾದರೂ ಯಾರು? ಆರ್.ಕೆ. ಶ್ರೀಕಂಠನ್ ಅವರಂಥ ಸಂಗೀತ ವಿದ್ವಾಂಸರ ಊರು ರುದ್ರಪಟ್ಟಣ ಇರುವುದು ನಮ್ಮ ತಾಲ್ಲೂಕಿನಲ್ಲೇ. ಅಲ್ಲಿ ತಂಬೂರಿ ಆಕಾರದ ಮಂದಿರವೇ ಇದೆ. ಆದರೂ ನನ್ನ ಕೈ ಸೋತರೆ, ಮೃದಂಗದ ಮುಚ್ಚಿಗೆ, ಅಂದರೆ ಬಾಯಿಗೆ ಬಿಗಿದ ಚರ್ಮ, ಹರಿದುಹೋದವರು ಮೈಸೂರು ಬಸ್ಸು ಹತ್ತಬೇಕು.

1117ರಲ್ಲಿ ಪ್ರತಿಷ್ಠೆಯಾದ ಬೇಲೂರು ಚೆನ್ನಕೇಶವ ಗುಡಿಯಲ್ಲಿ ಮದನಿಕೆಯರನ್ನು ಕಡೆದ ದಾಸೋಜ, ಚಾವಣರ ಹೆಸರು ಕಲ್ಲಿನಲ್ಲೇ ಇದೆ. ನಮಗೆ ಕಲ್ಲು ಬೇಡ, ಆಹ್ವಾನ ಪತ್ರಿಕೆಯಲ್ಲಿ ಒಂದು ಸಾಲು ಸಾಕು. ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಡೊಳ್ಳು ಬಾರಿಸುವುದನ್ನು ಹೇಳಿಕೊಡುತ್ತಾರೆ. ಜೊತೆಗೆ ಚರ್ಮ ನೆನೆಸುವುದು, ಹಗ್ಗ ಬಿಗಿಯುವುದನ್ನೂ ಸೇರಿಸಲಿ. ಜಿಲ್ಲೆಯ ಯಾವ ಶಾಲೆ ಕರೆದರೂ ನಾನು ಬರುತ್ತೇನೆ. ಚರ್ಮ, ಹಗ್ಗ ನಾನೇ ತರುತ್ತೇನೆ.

– ಒಬ್ಬ ವಾದ್ಯ ಕಲಾವಿದ, ಅರಕಲಗೂಡು