ಮನೆಯೇ ಆಫೀಸಾದರೆ ಖರ್ಚು ಯಾರದ್ದು?

ಮಾನ್ಯ ಸಂಪಾದಕರೇ,

ಪೆರ್ಲದ ನಮ್ಮ ಮನೆಯ ಚಾವಡಿಯ ಮೂಲೆಯೇ ಐದು ವರ್ಷದಿಂದ ನನ್ನ ಆಫೀಸು, ಕಂಪನಿ ಬೆಂಗಳೂರಿನದು. ಆಟಿಯ ಮಳೆಗೆ ಕರೆಂಟು ಹೋದರೂ ಮೀಟಿಂಗ್ ನಿಲ್ಲಬಾರದೆಂದು ಇನ್ವರ್ಟರ್ ಇಡಿಸಿದೆ. ಬ್ಯಾಟರಿಗೆ ನೀರು ತುಂಬಿಸುವ ಕೆಲಸ ಅತ್ತೆಯವರದ್ದು. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲು ನೋಡಿ ಮಾವ ಮಾತಾಡುವುದನ್ನೇ ಬಿಟ್ಟಿದ್ದಾರೆ.

ಆದಾಯ ತೆರಿಗೆಯ ರಿಟರ್ನ್ಸ್ ತುಂಬುವಾಗ ಇದ್ಯಾವುದಕ್ಕೂ ಜಾಗವಿಲ್ಲ. ಸಂಬಳದವರಿಗೆ ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಖರ್ಚಿನ ಲೆಕ್ಕ ಕೇಳದೆ ಎಲ್ಲರಿಗೂ ಒಂದೇ ಸಮ ಬಿಡುವ ಮೊತ್ತ. ಬಸ್ಸಿನಲ್ಲಿ ಹೋಗುವವರಿಗೂ ಅಷ್ಟೇ, ಚಾವಡಿಯಲ್ಲಿ ಕೂರುವವರಿಗೂ ಅಷ್ಟೇ. ಸ್ವಂತ ವೃತ್ತಿಯ ನನ್ನ ಮೈದುನನಾದರೋ ಇಂಟರ್‌ನೆಟ್, ಕರೆಂಟಿನ ಪಾಲನ್ನು ಖರ್ಚಿಗೆ ಹಾಕುತ್ತಾನೆ. ಬ್ರಿಟನ್ನಿನಲ್ಲಿ ಕೋವಿಡ್ ಕಾಲದಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ರಶೀದಿ ಕೇಳದೆಯೇ ವಾರಕ್ಕೆ 6 ಪೌಂಡಿನಷ್ಟು ಆದಾಯಕ್ಕೆ ತೆರಿಗೆ ಬಿಟ್ಟಿದ್ದರು.

ನನಗೆ ಇನ್ವರ್ಟರಿನ ದುಡ್ಡು ಬೇಡ, ಅದರಲ್ಲಿ ಮಾವನ ಟೀವಿಯೂ ಓಡುತ್ತದೆ. ಇಂಟರ್‌ನೆಟ್ ಬಿಲ್ಲಿಗಾದರೂ ಮುಂದಿನ ಬಜೆಟ್ಟಿನಲ್ಲಿ ಒಂದು ಕಾಲಂ ಇಡಲಿ.

– ಓದುಗಿ, ಪೆರ್ಲ, ಕಾಸರಗೋಡು