ಹಳೆಯ ಚುನಾವಣಾ ಬ್ಯಾಡ್ಜ್‌ಗಳ ಚಿತ್ರ ಹಾಕುವ ಸದಸ್ಯರಿಗೆ ಸೂಚನೆ

ಮಾನ್ಯ ಸದಸ್ಯರೆ,

ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹಳೆಯ ಬ್ಯಾಡ್ಜ್‌ಗಳ ಚಿತ್ರ ಹಾಕುವಾಗ ಅದು ಅಸಲಿಯೋ ಪ್ರತಿಕೃತಿಯೋ ಎಂದು ತಿಳಿಯಲು ಹಿಂಬದಿ ಹಾಗೂ ಅಂಚಿನ ಚಿತ್ರಗಳನ್ನೂ ತಪ್ಪದೆ ಸೇರಿಸಬೇಕೆಂದು ಕೋರುತ್ತೇನೆ. 1896ರಲ್ಲಿ ಮೆಕಿನ್ಲಿ ಮತ್ತು ಬ್ರಯನ್ ಸ್ಪರ್ಧಿಸಿದಾಗ ಜನಪ್ರಿಯವಾದ ಪಿನ್ ಬ್ಯಾಡ್ಜ್‌ಗಳಲ್ಲಿ ಕಾಗದದ ಮೇಲೆ ಅಚ್ಚಾದ ಭಾವಚಿತ್ರಕ್ಕೆ ಸೆಲ್ಯುಲಾಯ್ಡ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತಿತ್ತು. ತಗಡಿನ ಮೇಲೆ ನೇರವಾಗಿ ಮುದ್ರಿಸುವ ಪದ್ಧತಿ ಬಂದದ್ದು ಎಷ್ಟೋ ವರ್ಷಗಳ ಬಳಿಕ. ಆದ್ದರಿಂದ ಮೆಕಿನ್ಲಿಯ ಮುಖ ತಗಡಿನ ಮೇಲೆಯೇ ಅಚ್ಚಾಗಿದ್ದರೆ ಅದನ್ನು ಪ್ರತಿಕೃತಿಯೆಂದೇ ತಿಳಿಯಿರಿ. ಪ್ರತಿಕೃತಿಗಳ ಮೇಲೆ ತಯಾರಾದ ವರ್ಷವನ್ನು ನಮೂದಿಸಬೇಕೆಂಬ ಕಾನೂನು ಅಲ್ಲಿ 1973ರಲ್ಲಿ ಬಂದಿತಾದರೂ, ಅದಕ್ಕೂ ಹಿಂದಿನವುಗಳಲ್ಲಿ ಆ ಗುರುತು ಇಲ್ಲದಿರಬಹುದು, ಇದ್ದುದನ್ನು ಯಾರಾದರೂ ಕೆರೆದು ಅಳಿಸಿರಲೂಬಹುದು. ಕಾಕ್ಸ್ ಮತ್ತು ರೂಸ್‌ವೆಲ್ಟ್ (ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಮತ್ತು ಉಪಾಧ್ಯಕ್ಷ ಅಭ್ಯರ್ಥಿಗಳು) ಇಬ್ಬರ ಮುಖವೂ ಇರುವ 1920ರ ಬ್ಯಾಡ್ಜ್ ತೀರಾ ಅಪರೂಪವಾದ್ದರಿಂದ, ಅದು ಅಗ್ಗಕ್ಕೆ ಸಿಗುತ್ತದೆಂದು ಕಂಡರೆ ಹಣ ಕಳುಹಿಸುವ ಮೊದಲು ದಯವಿಟ್ಟು ಇಲ್ಲಿ ವಿಚಾರಿಸಿ.